ಗಡಿ ಜಿಲ್ಲೆಗೆ ಎಂಥ ವಿಶ್ವವಿದ್ಯಾಲಯ ಬೇಕು?

2023ರಲ್ಲಿ ನಮ್ಮ ಜಿಲ್ಲೆಗೆ ಒಂದು ವಿಶ್ವವಿದ್ಯಾಲಯ ಬಂತು. ಅಲ್ಲಿಯವರೆಗೆ ಮೈಸೂರು ವಿಶ್ವವಿದ್ಯಾಲಯದ ಡಾ. ಬಿ.ಆರ್. ಅಂಬೇಡ್ಕರ್ ಸ್ನಾತಕೋತ್ತರ ಕೇಂದ್ರವಾಗಿದ್ದ ಸುವರ್ಣ ಗಂಗೋತ್ರಿಯೇ ಚಾಮರಾಜನಗರ ವಿಶ್ವವಿದ್ಯಾಲಯವಾಯಿತು. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರವರಿಯಲ್ಲಿ, ಉಪಮುಖ್ಯಮಂತ್ರಿಗಳ ಅಧ್ಯಕ್ಷತೆಯ ಸಚಿವ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಿ, ಹಳೆಯ ವಿಶ್ವವಿದ್ಯಾಲಯಗಳ ಜೊತೆ ಸೇರಿಸಬಹುದು ಎಂದಿತು. ಆ ಪಟ್ಟಿಯಲ್ಲಿ ನಮ್ಮದೂ ಇತ್ತು. ಹಣವಿಲ್ಲ, ಜಾಗವಿಲ್ಲ, ಸಿಬ್ಬಂದಿಯಿಲ್ಲ ಎಂಬುದು ಕಾರಣ. ಕೂಡಲೇ ವಿದ್ಯಾರ್ಥಿ ಸಂಘಟನೆಗಳಿಂದಲೂ ವಿರೋಧ ಪಕ್ಷಗಳಿಂದಲೂ ಪ್ರತಿಭಟನೆ ಎದ್ದಿತು.

ಆಗ ಕೇಳಿಬಂದ ಮಾತುಗಳು ಎರಡೇ. ಒಂದು, "ದುಡ್ಡಿಲ್ಲದ ಮೇಲೆ ಯಾಕೆ ಬೇಕು?" ಇನ್ನೊಂದು, "ಇದು ನಮ್ಮ ಜಿಲ್ಲೆಯ ಮರ್ಯಾದೆ ಪ್ರಶ್ನೆ, ಮುಚ್ಚಲು ಬಿಡುವುದಿಲ್ಲ." ಎರಡೂ ಕಡೆಯವರು ಒಂದು ಪ್ರಶ್ನೆಯನ್ನು ಬಿಟ್ಟುಬಿಟ್ಟರು ಎಂದು ನನಗೆ ಅನಿಸುತ್ತದೆ. ಚಾಮರಾಜನಗರದಲ್ಲಿ ವಿಶ್ವವಿದ್ಯಾಲಯ ಇದ್ದರೆ ಅದು ಏನನ್ನು ಕಲಿಸಬೇಕು? ಮೈಸೂರಿನ ಮಾನಸ ಗಂಗೋತ್ರಿಯಲ್ಲಿ ಇರುವುದನ್ನೇ ಸಣ್ಣ ಅಳತೆಯಲ್ಲಿ ಇಲ್ಲೂ ಇಟ್ಟರೆ, ಮುಚ್ಚಿ ಎನ್ನುವವರ ಮಾತೇ ಗೆಲ್ಲುತ್ತದೆ. ಇಲ್ಲಿ ಮಾತ್ರ ಚೆನ್ನಾಗಿ ಕಲಿಯಬಹುದಾದದ್ದು ಒಂದಿದ್ದರೆ, ಅದನ್ನು ಮುಂದಿಟ್ಟು ಕೇಳಬೇಕು.

ಅಂಥದ್ದು ಇದೆ ಎನ್ನುವುದು ನನ್ನ ಅಭಿಪ್ರಾಯ. ರಾಜಕೀಯ, ಭದ್ರತೆ, ಅಭಿವೃದ್ಧಿ ಈ ಮೂರನ್ನೂ ಒಟ್ಟಿಗೆ ಓದಿಸುವ ಒಂದು ಸ್ನಾತಕೋತ್ತರ ಅಧ್ಯಯನ ಸಂಸ್ಥೆಯನ್ನು ನಡೆಸಲು ಕರ್ನಾಟಕದಲ್ಲಿ ಚಾಮರಾಜನಗರಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಕೇರಳ ಮತ್ತು ತಮಿಳುನಾಡು ಎರಡಕ್ಕೂ ತಾಗಿದ ಜಿಲ್ಲೆ ಇದು. 1997ರಲ್ಲಿ ಮೈಸೂರಿನಿಂದ ಬೇರೆಯಾದಾಗಿನಿಂದಲೂ "ಹಿಂದುಳಿದ ಗಡಿ ಜಿಲ್ಲೆ" ಎಂಬ ಹೆಸರು ಇದಕ್ಕೆ ಅಂಟಿಕೊಂಡಿದೆ. ಆದರೆ ಪಠ್ಯಪುಸ್ತಕದಲ್ಲಿ ನಾವು ಓದುವ ಒಕ್ಕೂಟ ವ್ಯವಸ್ಥೆ, ನ್ಯಾಯಾಂಗ, ಮಾನವ ಹಕ್ಕು, ವಿಕೇಂದ್ರೀಕರಣ ಎಲ್ಲವೂ ನಮ್ಮ ಮನೆಯ ಮುಂದೆಯೇ ನಡೆಯುತ್ತಿವೆ.

ಹಂಗಳದ ರಸ್ತೆಯನ್ನೇ ನೋಡಿ. ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ಈ ಹೆದ್ದಾರಿಯಲ್ಲಿ ನಮ್ಮೂರು ದಾಟಿ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ತಲುಪಿದರೆ ಬಂಡೀಪುರ ಶುರು. ಗುಂಡ್ಲುಪೇಟೆಯಿಂದ ಇನ್ನೊಂದು ದಾರಿ ಮದ್ದೂರು ಮಾರ್ಗವಾಗಿ ವಯನಾಡಿಗೆ ಹೋಗುತ್ತದೆ. ಎರಡೂ ಕಡೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವಿಲ್ಲ. ಆಂಬುಲೆನ್ಸ್ ಮತ್ತು ಕೆಲವೇ ಬಸ್ಸುಗಳಿಗೆ ಮಾತ್ರ ವಿನಾಯಿತಿ. 2009ರಲ್ಲಿ ಜಿಲ್ಲಾಧಿಕಾರಿಗಳ ಆದೇಶದಿಂದ ಆರಂಭವಾದ ಈ ನಿರ್ಬಂಧವನ್ನು 2010ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು. 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಇದರ ವಿರುದ್ಧ ದೊಡ್ಡ ಉಪವಾಸ ಸತ್ಯಾಗ್ರಹವೇ ನಡೆಯಿತು. ಒಂದು ರಸ್ತೆ, ಮೂರು ರಾಜ್ಯ, ಎರಡು ನ್ಯಾಯಾಲಯ, ಆನೆ ಹುಲಿಗಳ ಪ್ರಾಣ, ತರಕಾರಿ ಲಾರಿಯ ಬಾಡಿಗೆ. ರಾಜ್ಯಶಾಸ್ತ್ರದ ಒಂದು ಇಡೀ ಸೆಮಿಸ್ಟರನ್ನು ಈ ರಸ್ತೆಯೊಂದರ ಮೇಲೆಯೇ ಕಲಿಸಬಹುದು.

ಇನ್ನು ಕಾಡು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಮೊದಲ ಒಂಬತ್ತು ಪ್ರದೇಶಗಳಲ್ಲಿ ಬಂಡೀಪುರವೂ ಒಂದು. ಹುಲಿ ಉಳಿಯಿತು, ಅದು ದೇಶಕ್ಕೆ ಹೆಮ್ಮೆ. ಕಾಡಂಚಿನಲ್ಲಿ ದನ ಮೇಯಿಸುವವರ ಮತ್ತು ಬೆಳೆ ಕಾಯುವವರ ಕಥೆ ಬೇರೆ. 2025ರ ಸೆಪ್ಟೆಂಬರಿನಲ್ಲಿ ನಮ್ಮ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ಹುಲಿ ಹಿಡಿಯಲೆಂದು ಇಟ್ಟಿದ್ದ ಬೋನಿಗೆ ಗ್ರಾಮಸ್ಥರು ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ಅದೇ ವರ್ಷದ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಕ್ಕೆ ಬಲಿಯಾದವು. ಎರಡೂ ಸುದ್ದಿಗಳಾದವು, ಎರಡು ಮೂರು ದಿನ ಟಿವಿಯಲ್ಲಿ ಬಂದವು, ಹೋದವು. ಹತ್ತು ವರ್ಷ ಕೂತು ಊರೂರಿನಲ್ಲಿ ಲೆಕ್ಕ ತೆಗೆದು, ಪರಿಹಾರ ಯಾರಿಗೆ ಎಷ್ಟು ದಿನಕ್ಕೆ ಸಿಗುತ್ತದೆ, ಸಿಟ್ಟು ಎಲ್ಲಿ ಹುಟ್ಟುತ್ತದೆ ಎಂದು ಬರೆದಿಡುವ ಕೆಲಸ ಟಿವಿಯದ್ದಲ್ಲ. ಅದು ವಿಶ್ವವಿದ್ಯಾಲಯದ ಕೆಲಸ.

ಇದೇ ಜಿಲ್ಲೆಯಲ್ಲಿ ಇನ್ನೊಂದು ಬಗೆಯ ಉದಾಹರಣೆಯೂ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳು 2011ರಲ್ಲಿ ಸಮುದಾಯ ಹಕ್ಕುಗಳನ್ನು ಪಡೆದವು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಒಂದೇ ಜಿಲ್ಲೆಯ ಒಂದು ಮೂಲೆಯಲ್ಲಿ ಜನ ಮತ್ತು ಇಲಾಖೆ ಬೋನಿನ ಹತ್ತಿರ ಜಗಳವಾಡುತ್ತಾರೆ, ಇನ್ನೊಂದು ಮೂಲೆಯಲ್ಲಿ ಗ್ರಾಮಸಭೆ ನಡೆಸಿ ಹಕ್ಕುಪತ್ರ ಪಡೆಯುತ್ತಾರೆ. ಈ ವ್ಯತ್ಯಾಸ ಯಾಕೆ ಬಂತು ಎಂದು ಕೇಳುವುದೇ ಒಂದು ಪಿಎಚ್‌.ಡಿ.ಗೆ ಸಾಕು.

ಭದ್ರತೆ ಎಂದರೆ ದೂರದ ಕಾಶ್ಮೀರದ ಗಡಿ ಎಂದುಕೊಳ್ಳುತ್ತೇವೆ. ನಮ್ಮ ತಂದೆ ತಾಯಿಯ ಕಾಲಕ್ಕೆ ಅದು ಮನೆ ಹಿಂದಿನ ಕಾಡಿನಲ್ಲಿತ್ತು. ವೀರಪ್ಪನ್ 2004ರ ಅಕ್ಟೋಬರ್ 18ರಂದು ಸಾಯುವವರೆಗೆ ಎರಡು ರಾಜ್ಯಗಳ ಪೊಲೀಸರು ಅವನ ಹಿಂದೆ ಇದ್ದರು. ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಕಾಮಗೆರೆಯಿಂದ ಅಪಹರಿಸಿದ್ದು 2002ರಲ್ಲಿ. ಅವರು ಜೀವಂತ ಮರಳಲಿಲ್ಲ. ಅದರ ಜೊತೆಗೇ, ಕಾರ್ಯಾಚರಣೆಯ ಹೆಸರಿನಲ್ಲಿ ಕಾಡಿನ ಬಡಜನರು ಅನುಭವಿಸಿದ ಹಿಂಸೆಯ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಬೇಕಾಯಿತು. ಕಳ್ಳನ ಭಯ, ಪೊಲೀಸರ ಭಯ ಎರಡರ ನಡುವೆ ಬದುಕಿದ ಊರುಗಳು ಹನೂರು, ಕೊಳ್ಳೇಗಾಲದ ಕಡೆ ಇಂದಿಗೂ ಇವೆ. ಅದನ್ನು ಕಂಡ ಹಿರಿಯರಿಗೆ ವಯಸ್ಸಾಗುತ್ತಿದೆ. ಅವರ ಮಾತನ್ನು ದಾಖಲಿಸಿಡುವವರು ಯಾರು?

2021ರ ಮೇ 2ರ ರಾತ್ರಿಯನ್ನೂ ನಾನು ಭದ್ರತೆಯ ಪಾಠಕ್ಕೇ ಸೇರಿಸುತ್ತೇನೆ. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಸತ್ತರು. ಆಮ್ಲಜನಕ ಪಕ್ಕದ ಜಿಲ್ಲೆಯಿಂದ ಬರಬೇಕಿತ್ತು. ಗಡಿ ಜಿಲ್ಲೆಯ ಜನರ ಜೀವ ಎಷ್ಟು ದೂರದ ಲಾರಿಯನ್ನು ನಂಬಿಕೊಂಡಿದೆ ಎಂಬುದನ್ನು ಆ ರಾತ್ರಿ ತೋರಿಸಿತು. ಭದ್ರತೆ, ಅಭಿವೃದ್ಧಿ, ರಾಜಕೀಯ ಮೂರನ್ನೂ ಬೇರೆ ಬೇರೆ ಪೀರಿಯಡ್ಡಿನಲ್ಲಿ ಕಲಿಸಿದರೆ ಇಂಥ ಘಟನೆ ಅರ್ಥವಾಗುವುದಿಲ್ಲ.

ಇಂಥ ಸಂಸ್ಥೆ ನಡೆಸಲು ಸಾಧ್ಯವೇ ಎಂದು ಕೇಳಬಹುದು. ಕರ್ನಾಟಕದಲ್ಲಿ ನಡೆಸಿ ತೋರಿಸಿದವರಿದ್ದಾರೆ. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು. ಐಸೆಕ್ ಎಂದು ಎಲ್ಲರೂ ಕರೆಯುವ ಸಂಸ್ಥೆ ಅದು. ಕೇಂದ್ರದ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯೂ ರಾಜ್ಯ ಸರ್ಕಾರವೂ ಅದಕ್ಕೆ ಹಣ ಕೊಡುತ್ತವೆ. ಅಲ್ಲಿ ಸಾವಿರಾರು ವಿದ್ಯಾರ್ಥಿಗಳಿಲ್ಲ. ಒಳ್ಳೆಯ ಗ್ರಂಥಾಲಯವಿದೆ, ಹಳ್ಳಿಗಳಿಗೆ ಹೋಗಿ ಸಮೀಕ್ಷೆ ಮಾಡುವ ಸಂಪ್ರದಾಯವಿದೆ. ವಿಕೇಂದ್ರೀಕೃತ ಯೋಜನೆಯ ಬಗ್ಗೆ ದೊಡ್ಡ ಕೆಲಸ ಮಾಡಿದ ಪ್ರೊ. ಅಬ್ದುಲ್ ಅಜೀಜ್ ಅಲ್ಲಿನ ಪ್ರಾಧ್ಯಾಪಕರಾಗಿದ್ದರು. ಗದಗಿನ ಹತ್ತಿರದ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವನ್ನು ಸರ್ಕಾರ 2016ರ ಕಾಯ್ದೆಯ ಮೂಲಕ ಆರಂಭಿಸಿತು. ಬೆಂಗಳೂರು, ಮೈಸೂರು ಬಿಟ್ಟು ಹೊರಗೂ ಒಂದೇ ವಿಷಯಕ್ಕೆ ಮೀಸಲಾದ ಉನ್ನತ ಶಿಕ್ಷಣ ಸಂಸ್ಥೆ ಇರಬಹುದು ಎಂಬುದಕ್ಕೆ ಅದು ಸಾಕ್ಷಿ.

ಮೂರನೆಯದು ನಮಗೆ ಇನ್ನೂ ಹತ್ತಿರದ್ದು. ಮೈಸೂರಿನಲ್ಲಿ ಪಂಚಾಯಿತಿ ಸದಸ್ಯರಿಗೆ ಮತ್ತು ಅಧಿಕಾರಿಗಳಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿದೆ. ನಜೀರ್ ಸಾಬ್ ನಮ್ಮ ಗುಂಡ್ಲುಪೇಟೆಯವರು. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದಾಗ ಬರಗಾಲದ ಹಳ್ಳಿಗಳಿಗೆ ಕೊಳವೆ ಬಾವಿ ತೋಡಿಸಿ "ನೀರ್ ಸಾಬ್" ಎನಿಸಿಕೊಂಡರು. 1983ರ ಕಾನೂನು, 1987ರ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿ ಚುನಾವಣೆ, ಅದರಲ್ಲಿ ಮಹಿಳೆಯರಿಗೆ ಶೇ. 25 ಮೀಸಲಾತಿ, ಇವೆಲ್ಲದರ ಹಿಂದೆ ಅವರಿದ್ದರು. ಇಡೀ ದೇಶಕ್ಕೆ ಅನ್ವಯವಾಗುವ 73ನೇ ತಿದ್ದುಪಡಿ ಬಂದದ್ದು ಅದಾದ ಮೇಲೆ, 1992ರಲ್ಲಿ. ಅಷ್ಟರಲ್ಲಿ ನಜೀರ್ ಸಾಬ್ ಇರಲಿಲ್ಲ, 1988ರಲ್ಲೇ ತೀರಿಕೊಂಡಿದ್ದರು. ಇದೇ ಗುಂಡ್ಲುಪೇಟೆ ಕ್ಷೇತ್ರದಿಂದ ಗೆದ್ದ ಕೆ.ಎಸ್. ನಾಗರತ್ನಮ್ಮ 1972ರಿಂದ 1978ರವರೆಗೆ ವಿಧಾನಸಭೆಯ ಸ್ಪೀಕರ್ ಆಗಿದ್ದರು. ಆ ಕುರ್ಚಿಯಲ್ಲಿ ಕೂತ ಮೊದಲ ಮಹಿಳೆ ಅವರು. ಇಂಥ ಇಬ್ಬರನ್ನು ಕೊಟ್ಟ ತಾಲ್ಲೂಕಿನಲ್ಲಿ "ಆರ್ಟ್ಸ್ ತಗೊಂಡು ಏನು ಮಾಡ್ತೀರಿ" ಎಂದು ನಮ್ಮನ್ನು ಕೇಳುತ್ತಾರೆ!

ಇನ್ನು ನಡೆಸುವ ಮಾತಿಗೆ ಬರುತ್ತೇನೆ. ಮೊದಲನೆಯದು ಹಣ. ವರ್ಷ ವರ್ಷದ ಬಜೆಟ್ಟಿಗೆ ಕೈ ಚಾಚುವ ಸಂಸ್ಥೆ ಸರ್ಕಾರ ಬದಲಾದಾಗಲೆಲ್ಲ ನಡುಗುತ್ತದೆ. ಈ ವಿಷಯದಲ್ಲಿ ನಮ್ಮ ಇತಿಹಾಸದಿಂದ ಕಲಿಯುವುದಿದೆ. ಮೊರಾಕ್ಕೋದ ಫೆಜ್ ನಗರದಲ್ಲಿ 859ರಲ್ಲಿ ಫಾತಿಮಾ ಅಲ್ ಫಿಹ್ರಿ ತಮ್ಮ ಪಿತ್ರಾರ್ಜಿತ ಹಣದಿಂದ ಅಲ್ ಖರವಿಯ್ಯೀನ್ ಕಟ್ಟಿಸಿದರು ಎಂಬುದು ಪ್ರತೀತಿ. ಹನ್ನೊಂದನೇ ಶತಮಾನದ ಬಗ್ದಾದಿನ ನಿಜಾಮಿಯಾ ಮದರಸಾ ವಕ್ಫ್ ಆಸ್ತಿಯ ಆದಾಯದಿಂದ ನಡೆಯುತ್ತಿತ್ತು. ಅಂಗಡಿಯ ಬಾಡಿಗೆ, ಜಮೀನಿನ ಗುತ್ತಿಗೆ ಬಂದರೆ ಉಸ್ತಾದರ ಸಂಬಳ, ವಿದ್ಯಾರ್ಥಿಗಳ ಊಟ. ಅಸಲು ಮುಟ್ಟುವಂತಿಲ್ಲ, ಆದಾಯ ಮಾತ್ರ ಖರ್ಚು. ಇದನ್ನೇ ಇಂದು ಮೂಲನಿಧಿ ಎನ್ನುತ್ತಾರೆ. ಸರ್ಕಾರ ಒಮ್ಮೆ ಒಂದು ಮೂಲನಿಧಿ ಇಡಲಿ, ಜಿಲ್ಲೆಯ ಸಹಕಾರ ಸಂಘಗಳು, ಕರಿಕಲ್ಲು ಗಣಿ ಉದ್ಯಮದವರು, ಮಠಗಳು, ಜಮಾಅತ್‌ಗಳು, ರೆಸಾರ್ಟ್ ನಡೆಸುವವರು ತಮ್ಮ ಪಾಲು ಸೇರಿಸಲಿ. ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಿರಲಿ, ಸಂಶೋಧನೆಯ ಉತ್ತರವನ್ನು ನಿರ್ಧರಿಸುವ ಹಕ್ಕು ಬೇಡ.

ಎರಡನೆಯದು ಶಿಕ್ಷಕರು. ಅತಿಥಿ ಉಪನ್ಯಾಸಕರನ್ನೇ ನಂಬಿ ಸಂಶೋಧನೆ ನಡೆಯುವುದಿಲ್ಲ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ತಿಳಿಯದವರು ಐದು ವರ್ಷದ ಅಧ್ಯಯನವನ್ನು ಹೇಗೆ ಕೈಗೆತ್ತಿಕೊಂಡಾರು? ಇಪ್ಪತ್ತು ವಿಭಾಗ ತೆರೆದು ಎಲ್ಲಕ್ಕೂ ಅತಿಥಿಗಳನ್ನು ತುಂಬುವುದಕ್ಕಿಂತ, ಒಂದೇ ಸಂಸ್ಥೆಯಲ್ಲಿ ಹತ್ತು ಹನ್ನೆರಡು ಕಾಯಂ ಹುದ್ದೆ ತುಂಬಿದರೆ ಸಾಕು. ಅವರ ಜೊತೆಗೆ ನಿವೃತ್ತ ಅರಣ್ಯಾಧಿಕಾರಿ, ಸೋಲಿಗರ ಮತ್ತು ಜೇನುಕುರುಬರ ಹಿರಿಯರು, ಪಂಚಾಯಿತಿ ಅಧ್ಯಕ್ಷೆಯಾಗಿದ್ದವರು ತಿಂಗಳಿಗೊಮ್ಮೆ ಬಂದು ಪಾಠ ಮಾಡಲಿ. ವರ್ಷಕ್ಕೆ 30 ಅಥವಾ 40 ವಿದ್ಯಾರ್ಥಿಗಳು ಸಾಕು. ಇಷ್ಟಕ್ಕೆ ನೂರಾರು ಎಕರೆ ಬೇಡ, ಸುವರ್ಣ ಗಂಗೋತ್ರಿಯಲ್ಲಿ ಈಗಿರುವ ಜಾಗ ಸಾಕಾಗುತ್ತದೆ.

ಮೂರನೆಯದು ಭಾಷೆ. ಇಲ್ಲಿ ನಮ್ಮ ಕಡೆಯವರಿಗೆ ಇರುವ ಅನುಕೂಲ ಬೆಂಗಳೂರಿನವರಿಗೆ ಇಲ್ಲ. ನನ್ನ ಹಾಗೆ ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಮಾತಾಡುವ ಎಷ್ಟೋ ಮಂದಿ ನಮ್ಮ ಕಾಲೇಜಿನಲ್ಲಿದ್ದಾರೆ. ಟೊಮೆಟೊ, ಚೆಂಡುಹೂ, ಶುಂಠಿ ವ್ಯಾಪಾರದಲ್ಲಿರುವ ಅಪ್ಪಂದಿರು ಮಲಯಾಳವನ್ನೂ ತಮಿಳನ್ನೂ ಸಲೀಸಾಗಿ ಆಡುತ್ತಾರೆ. ವಯನಾಡಿನ ರೈತ, ಗೂಡಲೂರಿನ ತೋಟದ ಕಾರ್ಮಿಕ, ಗುಂಡ್ಲುಪೇಟೆಯ ಮಂಡಿ ವ್ಯಾಪಾರಿ ಮೂವರನ್ನೂ ಅವರವರ ಮಾತಿನಲ್ಲೇ ಕೇಳಬಲ್ಲ ಸಂಶೋಧಕರು ಬೇಕಿದ್ದರೆ ಇಲ್ಲಿಯೇ ಸಿಗುತ್ತಾರೆ. ಪಾಠ ಮತ್ತು ಪ್ರಬಂಧ ಕನ್ನಡದಲ್ಲಿ ಇರಲಿ, ಇಂಗ್ಲಿಷನ್ನು ಗಟ್ಟಿಯಾಗಿ ಕಲಿಸಲಿ, ನೆರೆಯ ಭಾಷೆಗಳಲ್ಲಿ ಒಂದನ್ನು ಓದಲು ಬರೆಯಲು ಕಲಿಯುವುದು ಕಡ್ಡಾಯವಾಗಲಿ.

"ಮೈಸೂರಿಗೆ ಹೋಗಬಹುದಲ್ಲ, ಎಷ್ಟು ದೂರ?" ಎನ್ನುವವರಿಗೆ ಎರಡು ಮಾತು. ಗುಂಡ್ಲುಪೇಟೆಯಿಂದ ಮೈಸೂರು 60 ಕಿ.ಮೀ. ಹಂಗಳದಿಂದ ಇನ್ನೂ ಹೆಚ್ಚು. ಹುಡುಗರು ರೂಮು ಮಾಡಿಕೊಂಡು ಇರುತ್ತಾರೆ. ಹುಡುಗಿಯರ ವಿಷಯದಲ್ಲಿ ಮನೆಯವರ ಮೊದಲ ಪ್ರಶ್ನೆ "ಸಂಜೆ ಎಷ್ಟು ಹೊತ್ತಿಗೆ ಮನೆಗೆ ಬರ್ತೀಯ?" ಎಂಬುದೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಚಾರ್ಜ್ ಇಲ್ಲವಾಯಿತು, ಆದರೆ ಹೊತ್ತು ಕಡಿಮೆಯಾಗಲಿಲ್ಲ. ಚಾಮರಾಜನಗರ ಮೈಸೂರಿಗಿಂತ ಹತ್ತಿರ, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಈ ಒಂದು ಕಾರಣಕ್ಕೆ ಡಿಗ್ರಿಯಾದ ಮೇಲೆ ಓದು ಮುಂದುವರಿಸುವ ಅಥವಾ ನಿಲ್ಲಿಸುವ ಹುಡುಗಿಯರು ನಮ್ಮ ಸುತ್ತಲೇ ಇದ್ದಾರೆ. ನಾಳೆ ನನ್ನ ಮನೆಯಲ್ಲೂ ಇದೇ ಲೆಕ್ಕ ನಡೆಯುತ್ತದೆ. ವಿಶ್ವವಿದ್ಯಾಲಯಗಳನ್ನು ವಿಲೀನ ಮಾಡುವ ಲೆಕ್ಕದಲ್ಲಿ ಈ ಖರ್ಚನ್ನು ಯಾರೂ ಬರೆಯುವುದಿಲ್ಲ.

"ಓದಿದ ಮೇಲೆ ಕೆಲಸ?" ಎಂಬ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾರೆ. ಎಲ್ಲರಿಗೂ ಪ್ರಾಧ್ಯಾಪಕರ ಹುದ್ದೆ ಸಿಗುವುದಿಲ್ಲ. ಆದರೆ ಪಿಡಿಒ, ಕೆ.ಎ.ಎಸ್., ಅರಣ್ಯ, ಪೊಲೀಸ್ ಪರೀಕ್ಷೆ ಬರೆಯುವವರೂ ಪತ್ರಿಕೆ, ಸ್ವಯಂಸೇವಾ ಸಂಸ್ಥೆಗಳಲ್ಲಿ ದುಡಿಯುವವರೂ ಇಂಥ ಕಡೆ ಎರಡು ವರ್ಷ ಓದಿದ್ದರೆ ಊರಿಗೆ ಲಾಭ. ಅಧ್ಯಯನದಿಂದ ಹಣವೂ ಹರಿದುಬರುತ್ತದೆ ಎಂಬುದನ್ನು ಮರೆಯಬಾರದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ತಾಲ್ಲೂಕುವಾರು ಅಂಕಿ ಅಂಶ ಕಲೆಹಾಕಿ, 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ತೋರಿಸಿತು. ಆಮೇಲಿನ ವಿಶೇಷ ಅಭಿವೃದ್ಧಿ ಯೋಜನೆಯ ಅನುದಾನ ಆ ಲೆಕ್ಕದ ಮೇಲೆಯೇ ನಿಂತಿತು. ಲೆಕ್ಕ ಬರೆದವರ ಮಾತಿಗೆ ಬೆಂಗಳೂರಿನಲ್ಲಿ ಬೆಲೆ ಇದೆ. ನಮ್ಮ ಲೆಕ್ಕವನ್ನು ಎಷ್ಟು ದಿನ ಬೇರೆಯವರೇ ಬರೆಯಬೇಕು?

ಇಬ್ನ್ ಖಲ್ದೂನ್ ಅವರ ಉದಾಹರಣೆ ಇಲ್ಲಿ ನೆನಪಾಗುತ್ತದೆ. ರಾಜ್ಯಗಳು ಹೇಗೆ ಏಳುತ್ತವೆ, ಹೇಗೆ ಬೀಳುತ್ತವೆ ಎಂದು ವಿವರಿಸುವ "ಮುಖದ್ದಿಮಾ"ವನ್ನು ಅವರು 1377ರಲ್ಲಿ ಬರೆದದ್ದು ರಾಜಧಾನಿಯಲ್ಲಿ ಕೂತಲ್ಲ, ಈಗಿನ ಅಲ್ಜೀರಿಯಾದ ಒಳನಾಡಿನ ಒಂದು ಸಣ್ಣ ಕೋಟೆಯಲ್ಲಿ, ಬುಡಕಟ್ಟು ಜನರ ನಡುವೆ. ಆದರೆ ಮುಂದಿನ ಕೆಲಸಕ್ಕೆ ಪುಸ್ತಕಗಳು ಬೇಕಾದಾಗ ಅವರು ಟ್ಯೂನಿಸ್ ನಗರಕ್ಕೆ ಹೊರಡಲೇಬೇಕಾಯಿತು. ನಮ್ಮ ಹತ್ತಿರ ಬುಡಕಟ್ಟು, ಗಡಿ, ಕಾಡು ಎಲ್ಲ ಇದೆ, ಗ್ರಂಥಾಲಯ ಮತ್ತು ಕಾಯಂ ಗುರುಗಳು ಇಲ್ಲ. ಸರ್ಕಾರವನ್ನು ಕೇಳಬೇಕಾದದ್ದು ಇವೆರಡನ್ನು. ದೊಡ್ಡ ಕಮಾನು, ಘಟಿಕೋತ್ಸವ ಭವನ ಆಮೇಲೆ ಬರಲಿ.

ಕೊನೆಯದಾಗಿ ನಮ್ಮ ಕೈಯಲ್ಲಿರುವುದು. ಸಂಸ್ಥೆ ಬರುವವರೆಗೆ ಕಾಯಬೇಕಾಗಿಲ್ಲ. ಈ ವರ್ಷ ಎಚ್.ಇ.ಪಿ.ಎಸ್. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಒಂದು ವಿಷಯ ಆರಿಸಿಕೊಳ್ಳೋಣ. ಹಂಗಳದವರು ರಾತ್ರಿ ಸಂಚಾರ ನಿರ್ಬಂಧದಿಂದ ಹೋಟೆಲು, ಪಂಕ್ಚರ್ ಅಂಗಡಿ, ಲಾರಿ ಚಾಲಕರಿಗೆ ಆದ ಬದಲಾವಣೆ ಕೇಳೋಣ, ಬೊಮ್ಮಲಾಪುರದ ಕಡೆಯವರು ದನ ಕಳೆದುಕೊಂಡವರಿಗೆ ಪರಿಹಾರ ಬಂದ ದಿನಗಳನ್ನು ಲೆಕ್ಕ ಹಾಕಲಿ, ಪಟ್ಟಣದವರು ನಜೀರ್ ಸಾಬ್ ಅವರನ್ನು ಕಂಡು ಮಾತಾಡಿಸಿದ್ದ ಹಿರಿಯರ ನೆನಪುಗಳನ್ನು ಬರೆದುಕೊಳ್ಳಲಿ. ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ವಿಭಾಗದ ಗುರುಗಳು ಪ್ರಶ್ನಾವಳಿ ಮಾಡಿಕೊಡಬೇಕೆಂದು ವಿನಂತಿ. ಮುಂದಿನ ಸಂಚಿಕೆಗಳಲ್ಲಿ ಒಂದೊಂದನ್ನು ಅಚ್ಚು ಮಾಡಿ, ಒಂದು ಪ್ರತಿಯನ್ನು ಸುವರ್ಣ ಗಂಗೋತ್ರಿಗೂ ಇನ್ನೊಂದನ್ನು ನಮ್ಮ ಶಾಸಕರಿಗೂ ಕಳುಹಿಸೋಣ. ವಿಶ್ವವಿದ್ಯಾಲಯ ಬೇಕು ಎಂದು ಕೇಳುವ ಅರ್ಜಿಯ ಜೊತೆ ನಾವು ಮಾಡಿದ ಕೆಲಸವೂ ಇರಲಿ. ಇನ್ಶಾ ಅಲ್ಲಾಹ್, ಮೊದಲ ವರದಿ ಹಂಗಳದ್ದೇ ಆಗಿರುತ್ತದೆ. ಸೇರಿಕೊಳ್ಳುವವರು ಈ ವಾರದೊಳಗೆ ಹೆಸರು ಕೊಡಿ.